ಅಕ್ಕಿಯಲ್ಲಿ ಬರೆದ ಹೆಸರಿಗೆ ವೀಸಾ

ಕಾಲೇಜಿನ ಅಡ್ಮಿಶನ್ ಕೌಂಟರಿನ ಒಳಗಡೆ ಹದಿನಾಲ್ಕು ವರ್ಷ ಕೂತವಳಿಗೆ ಒಂದಲ್ಲ ಒಂದು ದಿನ ಇನ್ನೊಬ್ಬರ ಕೌಂಟರಿನ ಹೊರಗಡೆ ನಿಲ್ಲುವ ಪಾಳಿ ಬಂದೇ ಬರುತ್ತದೆ. ಆ ಪಾಳಿ ಬಂದ ಮೇಲೆ ಇಂಥವೆಲ್ಲ ಆಗುತ್ತಲೇ ಇರುತ್ತವೆ. ಜೆರಾಕ್ಸ್ ಮಸುಕಾಗಿದೆ, ಸಹಿ ಗೆರೆ ದಾಟಿದೆ, ಅಪ್ಪನ ಹೆಸರಿನಲ್ಲಿ ಒಂದಕ್ಷರ ಹೆಚ್ಚಿದೆ ಎಂದು ನಾನು ಎಷ್ಟು ಮಕ್ಕಳ ಅರ್ಜಿ ವಾಪಸ್ ಕಳಿಸಿದ್ದೇನೋ ನನಗೇ ಗೊತ್ತಿಲ್ಲ. ಮಾಡಿದ್ದುಣ್ಣೋ ಮಹರಾಯ ಎಂಬ ಮಾತು ಮಹಾರಾಯರಿಗಷ್ಟೇ ಅಲ್ಲ, ಬೆಳಗಾವಿ ಹಿಂದವಾಡಿಯ ಕ್ಲಾರ್ಕ್ ಹೆಂಗಸರಿಗೂ ಅನ್ವಯಿಸುತ್ತದೆ.

ನಮ್ಮ ಮನೆಯವರು ನರ್ಸು. ಖಾನಾಪುರದವರು. ಮಗಳಿಗೆ ಒಂದು ವರ್ಷ ತುಂಬಿದಾಗ ಬ್ರಿಟನ್ನಿನ ಒಂದು ಆಸ್ಪತ್ರೆಗೆ ಕೆಲಸಕ್ಕೆ ಹೋದರು. ನಾವೂ ಹಿಂದಿನಿಂದ ಹೋಗುವುದೆಂದು ಮಾತಾಗಿತ್ತು. ಅಷ್ಟರಲ್ಲಿ ಅತ್ತೆ ಬಚ್ಚಲಲ್ಲಿ ಜಾರಿ ಸೊಂಟ ಮುರಿದುಕೊಂಡರು, ಆಮೇಲೆ ಕೊರೊನಾ ಬಂತು, ಆಮೇಲೆ ನನ್ನ ನೌಕರಿ ಕಾಯಂ ಆಯಿತು. 'ಮುಂದಿನ ವರ್ಷ' ಎನ್ನುತ್ತ ಆರು ವರ್ಷ ಹೋದವು. ಕಡೆಗೆ ಅವರಿಗೆ ಅಲ್ಲೇ ಶಾಶ್ವತವಾಗಿ ಇರುವ ಅನುಮತಿ ಸಿಕ್ಕಿತು. ಅವತ್ತೇ ಫೋನ್ ಮಾಡಿ, "ಇನ್ನ ನೀವಿಬ್ರೂ ಬರ್ರಿ" ಎಂದರು.

ಬರ್ರಿ ಎನ್ನುವುದು ಸುಲಭ. ಯಾವ ದಾರಿಯಿಂದ ಎನ್ನುವುದೇ ಪ್ರಶ್ನೆ. ನನ್ನದು ಒಂದೇ ಶರತ್ತಿತ್ತು: ಹೋದರೆ ನಾನೂ ಮಗಳೂ ಒಂದೇ ವಿಮಾನದಲ್ಲಿ ಹೋಗಬೇಕು. ಎಂಟು ದಿನದ ಮಟ್ಟಿಗೂ ಅವಳನ್ನು ಬಿಟ್ಟು ಹೋಗುವುದಿಲ್ಲ. ಅಪ್ಪನನ್ನು ಫೋನಿನೊಳಗೆ ನೋಡಿಯೇ ಬೆಳೆದ ಮಗು ಅದು. ಅವ್ವನೂ ಫೋನಿನೊಳಗೆ ಹೋಗಿಬಿಟ್ಟರೆ ಅದರ ಕೈಯಲ್ಲಿ ಉಳಿಯುವುದು ಚಾರ್ಜರ್ ಒಂದೇ.

ರವಿವಾರ ಪೇಟೆಯ ಸಲಹೆ

ನಮ್ಮ ಸೋದರಮಾವನಿಗೆ ರವಿವಾರ ಪೇಟೆಯಲ್ಲಿ ಬೆಲ್ಲದ ಸಗಟು ಅಂಗಡಿ. ಗೋವಾದ ಆಚೆ ಕಾಲಿಟ್ಟವನಲ್ಲ, ಆದರೆ ಜಗತ್ತಿನ ಎಲ್ಲ ದೇಶಗಳಿಗೂ ಒಳದಾರಿ ಬಲ್ಲವನು. ನಾನು ವಿಷಯ ಹೇಳಿದ್ದೇ ತಡ, ಗಾದಿಯ ಮೇಲೆ ಕಾಲು ಮಡಚಿಕೊಂಡು ಕೂತು, ಪಾವಣ್ಯಾಕಿಯ ಹಾಗೆ, ಅತಿಥಿಯಾಗಿ, ಪ್ರವಾಸಿ ವೀಸಾದ ಮೇಲೆ ಹೋಗಿಬಿಡು, ಒಮ್ಮೆ ಒಳಗೆ ಹೊಕ್ಕರೆ ಯಾರು ಹೊರಗೆ ಹಾಕುತ್ತಾರೆ ಎಂದ. ಪ್ರವಾಸಿಯಾಗಿ ಹೋದವರು ಅಲ್ಲೇ ಕೂತು ಹೆಂಡತಿಯ ವೀಸಾಕ್ಕೆ ಬದಲಾಯಿಸಿಕೊಳ್ಳಲು ಬರುವುದಿಲ್ಲ, ತಿರುಗಿ ಬರಲೇಬೇಕು, ನಿಯಮ ಓದಿದ್ದೇನೆ ಎಂದೆ. ನಿಯಮ ಓದುವುದೇ ನನ್ನ ದೊಡ್ಡ ರೋಗ ಎಂದು ಅವನು ಮೊದಲಿನಿಂದಲೂ ಹೇಳುತ್ತ ಬಂದಿದ್ದಾನೆ.

"ಖಾನಾಪುರ ಬಸ್ಸು ಹೆಂಗ ಹತ್ತತೀವಿ ಹೇಳು" ಎಂದ. "ಮೊದಲ ಕಿಡಕ್ಯಾಗಿಂದ ಟಾವೆಲ್ ಒಗೀತೀವಿ. ಸೀಟ್ ನಮ್ಮದ ಆತು. ಹಿಂದಗಡೆ ಸಾವಕಾಶ ಹತ್ತತೀವಿ. ಹಂಗ ಪೋರಿನ್ನ ಮೊದಲ ಅವರಪ್ಪನ ಕಡೆ ಒಗಿ. ನೀ ಹಿಂದಗಡೆ ಹತ್ತು."

"ಮಾಮಾ, ಅಕಿ ಟಾವೆಲ್ ಅಲ್ಲ."

ಹಾಗಾದರೆ ನೀನೇ ಟಾವೆಲ್ ಆಗು, ಮಗಳು ಹಿಂದಿನಿಂದ ಹತ್ತಲಿ ಎಂದ. ತಾಯಿಮಕ್ಕಳಲ್ಲಿ ಒಬ್ಬರು ಟಾವೆಲ್ ಆಗಲೇಬೇಕು ಎಂಬುದು ಅವನ ಪಟ್ಟು, ಆಗುವುದಿಲ್ಲ ಎಂಬುದು ನನ್ನ ಪಟ್ಟು. ದನಿ ಎರಡೂ ಏರಿದವು.

ಬೆಲ್ಲ ಕೊಳ್ಳಲು ಬಂದು ಅಷ್ಟೊತ್ತು ಪೆಂಟೆಗಳ ಮುಂದೆ ನಿಂತಿದ್ದ ಹಿರಿಯರೊಬ್ಬರು ಗಂಟಲು ಸರಿಮಾಡಿಕೊಂಡರು. ತಾವು ಬಸ್ಸಿನ ನಿವೃತ್ತ ಕಂಡಕ್ಟರು ಎಂದು ಪರಿಚಯ ಹೇಳಿಕೊಂಡು, "ಟಾವೆಲ್ ಹಾಕಿದ್ರ ಸೀಟ್ ಹಿಡದಂಗ ಅಲ್ರಿ. ನಾ ಮೂವತ್ತ ವರ್ಸ ಟಾವೆಲ್ ತಗದ ಹೊರಗ ಒಗದೇನಿ" ಎಂದರು. ವಲಸೆ ಕಾನೂನನ್ನು ಇಡೀ ವರ್ಷದಲ್ಲಿ ಅಷ್ಟು ಸ್ಪಷ್ಟವಾಗಿ ನನಗೆ ಇನ್ಯಾರೂ ಹೇಳಲಿಲ್ಲ.

ಕ್ಯಾಂಪಿನ ಏಜೆಂಟರು

ಮನೆಯವರ ಒತ್ತಾಯಕ್ಕೆ ಒಮ್ಮೆ ಕ್ಯಾಂಪ್ ಬಡಾವಣೆಯಲ್ಲಿದ್ದ ವೀಸಾ ಏಜೆಂಟರ ಬಳಿಯೂ ಹೋದೆ. ಹಳೆಯ ಬಂಗಲೆಯ ಮುಂದಿನ ಕೋಣೆ, ಗೋಡೆ ತುಂಬ ಪರದೇಶಗಳ ಧ್ವಜ, ಮೇಜಿನ ಮೇಲೆ ತಿರುಗುವ ಭೂಗೋಳ. ಏಜೆಂಟರು ಟೈ ಕಟ್ಟಿದ ಸಣ್ಣ ವಯಸ್ಸಿನ ಮನುಷ್ಯ. ನಾನು ಇನ್ನೂ ಕುರ್ಚಿಯಲ್ಲಿ ಸರಿಯಾಗಿ ಕೂತಿರಲಿಲ್ಲ, ಮೂರು ದಾರಿ ಬಿಚ್ಚಿಟ್ಟರು.

ಮೊದಲನೆಯದು, ಓದುವ ವೀಸಾ. ಒಂದು ವರ್ಷದ ಕೋರ್ಸಿಗೆ ಸೇರಿಬಿಡಿ ಎಂದರು. ಮಗಳು ಎಂದೆ. ಅಂಥ ಕೋರ್ಸಿಗೆ ಈಗ ಮಕ್ಕಳನ್ನು ಬಿಡುವುದಿಲ್ಲ ಎಂದರು. ಎರಡನೆಯದು, ವೃದ್ಧರ ಆರೈಕೆಯ ಕೆಲಸದ ವೀಸಾ. ಮಗಳು ಎಂದೆ. ಅದಕ್ಕೂ ಮಕ್ಕಳನ್ನು ಒಯ್ಯುವುದು ಬಂದ್ ಆಗಿದೆ ಎಂದರು. ಮೂರನೆಯದು, ಪ್ರವಾಸಿ ವೀಸಾ. ಮಗಳು ಎಂದೆ. ಅವಳನ್ನು ಧಾರಾಳವಾಗಿ ಕರೆದುಕೊಂಡು ಹೋಗಬಹುದು, ಆರು ತಿಂಗಳೊಳಗೆ ಅಷ್ಟೇ ಧಾರಾಳವಾಗಿ ಕರೆದುಕೊಂಡು ಬರಬಹುದು ಎಂದರು. ಹಾಗಾದರೆ ಮಗಳ ಗತಿ ಏನು ಎಂದು ನೇರವಾಗಿ ಕೇಳಿದಾಗ, ಅದನ್ನ ಮುಂದ ನೋಡೂಣ್ರಿ ಎಂದು ಅಡ್ಡಗೋಡೆಯ ಮೇಲೆ ದೀಪ ಇಟ್ಟರು.

ಕಡೆಗೆ ನಾನೇ ಕೇಳಿದೆ. ಅಲ್ಲಿ ನೆಲೆಸಿದವರ ಹೆಂಡತಿ ಮತ್ತು ಮಗು ಎಂದು ಇಬ್ಬರದೂ ಒಟ್ಟಿಗೆ ಹಾಕುವ ದಾರಿ ಒಂದಿದೆಯಲ್ಲ ಎಂದೆ. ಬಟ್ಟೆ ಅಂಗಡಿಯವರು ಚೆಂದದ ಸೀರೆಯನ್ನು ಕಡೆಗೆ ತೆಗೆಯುವ ಹಾಗೆ ಅವರು ನಿಧಾನವಾಗಿ ಒಪ್ಪಿಕೊಂಡರು. ಇದೆ, ಆದರೆ ಅದಕ್ಕೆ ಪುರಾವೆ ಬಹಳ ಕೇಳುತ್ತಾರೆ, ಮದುವೆ ಖರೆಯಾಗಿಯೂ ಮದುವೆಯೇ ಎಂದು ತೋರಿಸಬೇಕು, ನಿಮ್ಮ ಕೈಯಲ್ಲಿ ಆಗುವುದಲ್ಲ ಎಂದರು. ಆ 'ಆಗುವುದಲ್ಲ' ಎಂಬ ಮಾತು ಕೇಳಿದ ಗಳಿಗೆಯಲ್ಲೇ ನನ್ನ ದಾರಿ ನಿಶ್ಚಯವಾಯಿತು. ಪುರಾವೆ ಕೇಳುವುದರಲ್ಲಿ ಹದಿನಾಲ್ಕು ವರ್ಷ ಕಳೆದವಳು ಪುರಾವೆ ಕೊಡಲಾರಳೇ?

ಆದರೂ ರೂಢಿಯಂತೆ ಒಂದು ನೋಂದಣಿ ಫಾರ್ಮು ಮುಂದಿಟ್ಟರು. ಹೆಸರು, ಓದು, ಅಂಕ, ಹವ್ಯಾಸ ಎಲ್ಲಕ್ಕೂ ಜಾಗವಿತ್ತು. ಮಕ್ಕಳ ಹೆಸರಿಗೆ ಮಾತ್ರ ಜಾಗ ಇರಲಿಲ್ಲ. ನನ್ನ ಕೈ ತಾನಾಗಿಯೇ ಬ್ಯಾಗಿನಿಂದ ಕೆಂಪು ಪೆನ್ನು ತೆಗೆಯಿತು. ಫಾರ್ಮಿನ ಮೇಲೆ ಅಡ್ಡಲಾಗಿ 'ಅಪೂರ್ಣ' ಎಂದು ಬರೆದು, ಕೆಳಗೆ ಸಣ್ಣ ಸಹಿ ಹಾಕಿ, ತಾರೀಖು ನಮೂದಿಸಿ ಅವರಿಗೇ ವಾಪಸ್ ಕೊಟ್ಟು ಬಂದೆ. ಮರುದಿನ ಅವರ ಆಫೀಸಿನಿಂದ ಫೋನ್ ಬಂತು. ನಮ್ಮಲ್ಲಿ ಕೆಲಸಕ್ಕೆ ಬರುತ್ತೀರೇನ್ರಿ ಎಂದು ಕೇಳಿದರು.

ಬಾಸಿಂಗದ ಹಿಂದೆ ಇದ್ದವರು

ಮದುವೆ ಖರೆ ಎಂದು ತೋರಿಸಲು ಮೊದಲು ಬೇಕಾದದ್ದು ಫೋಟೋ. ಗಂಡ ಹೆಂಡತಿ ಇಬ್ಬರ ಮುಖವೂ ಸ್ಪಷ್ಟವಾಗಿ ಕಾಣುವ ಫೋಟೋ. ನಮ್ಮ ಮದುವೆಯ ಆಲ್ಬಮ್ ಖಾನಾಪುರದಲ್ಲಿ ಅತ್ತೆಯ ಟ್ರಂಕಿನಲ್ಲಿತ್ತು. ಒಂದು ರವಿವಾರ ಮಗಳನ್ನು ಕರೆದುಕೊಂಡು ಹೋದೆ. ಅತ್ತೆ ಇರುವುದು ಅಲ್ಲೇ, ಭಾವ ಮತ್ತು ಅವರ ಹೆಂಡತಿ ವೈನಿಯ ಜೊತೆ. ಟ್ರಂಕಿನಿಂದ ಹಳೆಯ ಸೀರೆಯಲ್ಲಿ ಸುತ್ತಿದ ಆಲ್ಬಮ್ ತೆಗೆದು, ಎರಡೂ ಕೈಯಿಂದ ನನ್ನ ಮಡಿಲಲ್ಲಿಟ್ಟರು.

ಒಂದೊಂದೇ ಹಾಳೆ ತಿರುವುತ್ತ ಹೋದೆ. ಅಕ್ಕಿಕಾಳು ಹಾಕುವ ಫೋಟೋದಲ್ಲಿ ಊರ ಮಂದಿಯ ಎತ್ತಿದ ಕೈಗಳಷ್ಟೇ ಇವೆ. ತಾಳಿ ಕಟ್ಟುವ ಫೋಟೋದಲ್ಲಿ ವರನ ಮುಖದ ಮುಂದೆ ಬಾಸಿಂಗ, ಬಾಸಿಂಗದ ಮುಂದೆ ಹೂವಿನ ಮಾಲೆ, ಮಾಲೆಯ ಮುಂದೆ ಯಾರದೋ ಟೊಪ್ಪಿಗೆ. ಬಾಸಿಂಗ ಬಿಚ್ಚಿದ ಮೇಲೆ ತೆಗೆದವುಗಳಲ್ಲಿ ಅವರು ಹಿರಿಯರ ಕಾಲಿಗೆ ಬಗ್ಗಿದ್ದಾರೆ, ಬೆನ್ನು ಮಾತ್ರ ಬಂದಿದೆ. ಊಟದ ಫೋಟೋದಲ್ಲಿ ಬಾಯಿಗೆ ಇಡೀ ಹೋಳಿಗೆ ತುರುಕಿದ್ದಕ್ಕೆ ಕಣ್ಣು ಮುಚ್ಚಿದ್ದಾರೆ.

ಬಾಸಿಂಗ ಕಟ್ಟುವುದೇ ಮುಖ ಕಾಣದಿರಲಿ ಎಂದು, ದೃಷ್ಟಿ ಆಗುತ್ತದೆ ಎಂದು ಅತ್ತೆ ಸಮರ್ಥಿಸಿಕೊಂಡರು. "ವೀಸಾ ಸಾಹೇಬ್ರ ದೃಷ್ಟಿ ಬೀಳಲಿ ಅಂತನ ಈ ಫೋಟೋ ಕಳಸೂದು ಅತ್ತಿ" ಎಂದೆ. ಅವರಿಗೆ ಈ ವಾದ ಹಿಡಿಸಲಿಲ್ಲ.

ಮನೆಯವರಿಗೆ ವಿಡಿಯೋ ಕಾಲ್ ಮಾಡಿ ಒಂದೊಂದೇ ಫೋಟೋ ತೋರಿಸಿದೆ. ಅವರು ಬಹಳ ಹೊತ್ತು ನೋಡಿ, ಕಿವಿ ಕಾಣುತ್ತಿವೆಯಲ್ಲ ಎಂದರು. ಹೌದು, ಅವರ ಕಿವಿ ಸ್ವಲ್ಪ ಅಗಲ. ಬಾಸಿಂಗದ ಎರಡೂ ಕಡೆ ಹಿಡಿಕೆಯ ಹಾಗೆ ಹೊರಗೆ ಬಂದಿವೆ. ಇನ್ನೇನು ಮಾಡುವುದು, 'ಎಡಗಡೆ, ಬಾಸಿಂಗದ ಹಿಂದೆ, ಅರ್ಜಿದಾರಳ ಪತಿ. ಕಿವಿಗಳನ್ನು ಗಮನಿಸಬೇಕು' ಎಂದು ಇಂಗ್ಲಿಷಿನಲ್ಲಿ ಅಡಿಬರಹ ಬರೆದೆ.

ಅದಕ್ಕಿಂತ ದೊಡ್ಡ ತೊಂದರೆ ಬೇರೆಯೇ ಇತ್ತು. ನನ್ನ ಮುಖ ಸ್ಪಷ್ಟವಾಗಿ ಬಂದ ಪ್ರತಿ ಫೋಟೋದಲ್ಲೂ ನಮ್ಮಿಬ್ಬರ ನಡುವೆ ಸೋದರಮಾವ ಇದ್ದ. ರೇಷ್ಮೆ ರುಮಾಲು ಸುತ್ತಿಕೊಂಡು, ನನ್ನ ಹೆಗಲ ಮೇಲೆ ಕೈಯಿಟ್ಟು, ನಗುತ್ತ ನಿಂತಿದ್ದ. ಸೋದರಮಾವನನ್ನೇ ಮದುವೆಯಾಗುವ ಪದ್ಧತಿ ನಮ್ಮ ಕಡೆ ಇದೆ ಎಂದು ಆ ಸಾಹೇಬರು ಎಲ್ಲಾದರೂ ಓದಿದ್ದರೆ ನಮ್ಮ ಕೇಸು ಅಲ್ಲಿಗೇ ಮುಗಿದ ಹಾಗೆ. ಹದಿನೇಳು ಫೋಟೋಗಳ ಕೆಳಗೆ ಒಂದೇ ಸಾಲನ್ನು ಹದಿನೇಳು ಸಲ ಬರೆದೆ: 'ನಡುವೆ ನಿಂತವರು ವರನಲ್ಲ.'

ಊಟಾ ಆತ?

ಆಮೇಲೆ ಪತ್ರವ್ಯವಹಾರ. ಗಂಡ ಹೆಂಡತಿ ದೂರ ಇದ್ದಾಗಲೂ ಸಂಪರ್ಕದಲ್ಲಿದ್ದರು ಎಂಬುದಕ್ಕೆ ಮೆಸೇಜುಗಳ ಪ್ರತಿ, ಇಂಗ್ಲಿಷ್ ಅನುವಾದದ ಸಮೇತ. ಆರು ವರ್ಷಗಳಿಂದ ಅಲ್ಲೊಂದು ಇಲ್ಲೊಂದು ಆರಿಸಿ ನಲವತ್ತು ಹಾಳೆ ಮುದ್ರಿಸಿಕೊಂಡು ಕೋರ್ಟ್ ಆವರಣದ ಅನುವಾದಕರ ಬಳಿ ಒಯ್ದೆ. ಜೀವಮಾನವೆಲ್ಲ ಹೊಲದ ತಂಟೆಯ ಕಾಗದ ಅನುವಾದಿಸಿದ ವಯಸ್ಸಾದ ಮನುಷ್ಯ.

ಮೊದಲ ಹಾಳೆ ಓದಿದರು. "ಊಟಾ ಆತ?" "ಆತು. ನಿಂದು?" "ಆತು. ಏನ ಮಾಡಿದ್ದಿ?" "ಬದನೀಕಾಯಿ." ಎರಡನೆಯ ಹಾಳೆಯಲ್ಲೂ ಊಟ ಆಗಿತ್ತು. ಹತ್ತನೆಯದರಲ್ಲೂ ಆಗಿತ್ತು. ಹದಿನೆಂಟನೆಯ ಹಾಳೆಯಲ್ಲಿ ನಮ್ಮವರು "ಮತ್ತ ಬದನೀಕಾಯಿ?" ಎಂದು ಕೇಳಿದ್ದರು, ನಾನು ಎರಡು ದಿನ ಉತ್ತರ ಕೊಟ್ಟಿರಲಿಲ್ಲ. ಅವರು ದಿನಾ "ಊಟಾ ಆತ?" ಎನ್ನುತ್ತಲೇ ಇದ್ದರು, ಮೂರನೆಯ ದಿನ "ಆತು" ಎಂದಿದ್ದೆ. ಗಂಡ ಹೆಂಡಿರ ಜಗಳ ಉಂಡು ಮಲಗುವ ತನಕ ಎನ್ನುತ್ತಾರೆ. ಇಬ್ಬರೂ ಬೇರೆ ಬೇರೆ ದೇಶದಲ್ಲಿ ಉಣ್ಣುವಾಗ ಸ್ವಲ್ಪ ತಡ ಆಗುತ್ತದೆ.

ಅನುವಾದಕರು ಕನ್ನಡಕ ತೆಗೆದಿಟ್ಟರು. "ಯವ್ವಾ, ಇದರಾಗ ಪ್ರೇಮಾ ಗೀಮಾ ಏನರ ಇದ್ರ ಕೊಡ್ರಿ. ಆ ಸಾಹೇಬ ಅದನ್ನ ಹುಡುಕತಾನು" ಎಂದರು.

ನನಗೆ ಸಿಟ್ಟು ಬಂತು. ಆ ಮನುಷ್ಯ ದಿನವೆಲ್ಲ ಕಂಡವರ ಹಾಸಿಗೆ ಬಟ್ಟೆ ಬದಲಿಸಿ, ಕಂಡವರಿಗೆ ಉಣಿಸಿ, ರೂಮಿಗೆ ಬಂದು, ತಾನು ಬ್ರೆಡ್ಡಿಗೆ ಕೈ ಹಚ್ಚುವ ಮೊದಲು ನನ್ನದು ಆಯಿತೇ ಎಂದು ಕೇಳುತ್ತಾರೆ. ಆರು ವರ್ಷದಲ್ಲಿ ಒಂದು ದಿನವೂ ತಪ್ಪಿಸಿಲ್ಲ. ಇದಕ್ಕಿಂತ ಹೆಚ್ಚಿನದನ್ನು ಬರೆಯಲು ನಮ್ಮ ಕಡೆ ಯಾರಿಗೂ ಬರುವುದಿಲ್ಲ. ಇದೇ ಪ್ರೇಮ, ಅನುವಾದ ಮಾಡಿ ಎಂದು ಗದರಿಸಿಯೇ ಹೇಳಿದೆ. ಹೇಳುವಾಗ ಕಣ್ಣು ಒದ್ದೆಯಾಗಿದ್ದವು, ಅದಕ್ಕೂ ಸಿಟ್ಟು ಬಂತು.

ಅವರು ನಲವತ್ತೂ ಹಾಳೆ ಅನುವಾದಿಸಿದರು. ಎಂಟು ದಿನ ಬಿಟ್ಟು ತರಲು ಹೋದಾಗ ಮುಖ ಸಪ್ಪಗಿತ್ತು. ನಿಮ್ಮ ಕಾಗದ ಓದಿ ಮನಸ್ಸಿಗೆ ತಾಕಿತು, ಮದುವೆಯಾಗಿ ಮೂವತ್ತೈದು ವರ್ಷಕ್ಕೆ ಮೊದಲ ಸಲ ಮಧ್ಯಾಹ್ನ ಮನೆಗೆ ಫೋನ್ ಹಚ್ಚಿ ಊಟಾ ಆತ ಎಂದು ಕೇಳಿದೆ ಎಂದರು. ನಿಮ್ಮ ಮನೆಯವರು ಏನು ಅಂದರು ಎಂದೆ. "ಗಾಬರಿ ಆಗಿ, ಯಾವ ದವಾಖಾನ್ಯಾಗ ಅದೀರಿ ಅಂತ ಕೇಳಿದ್ಳರೀ."

ಉಂಡುಬಿಟ್ಟ ಪುರಾವೆ

ಎಲ್ಲ ಕಾಗದ ಕೂಡಿದ ಮೇಲೆ ಹಿಂದವಾಡಿಯ ಮನೆಯ ನೆಲದ ಮೇಲೆ ಸಾಲಾಗಿ ಹರವಿ, ಕೌಂಟರಿನಲ್ಲಿ ಕೂತಂತೆ ಕೂತು ನನ್ನ ಅರ್ಜಿಯನ್ನು ನಾನೇ ತಪಾಸಣೆ ಮಾಡಿದೆ. ಹತ್ತು ನಿಮಿಷದಲ್ಲಿ ನನ್ನನ್ನು ನಾನೇ ತಿರಸ್ಕರಿಸಿದೆ.

ನನ್ನ ಶಾಲೆಯ ಸರ್ಟಿಫಿಕೇಟು, ನೌಕರಿಯ ಕಾಗದ, ಪಾಸ್‌ಪೋರ್ಟು ಎಲ್ಲ ತವರಿನ ಹೆಸರಿನಲ್ಲಿವೆ. ಮದುವೆಯಲ್ಲಿ ನಮ್ಮ ಪದ್ಧತಿಯ ಪ್ರಕಾರ ಅತ್ತೆ ಹೊಸ ಹೆಸರಿಟ್ಟರು. ತಾಟಿನಲ್ಲಿ ಅಕ್ಕಿ ಹರವಿ, ಅದರಲ್ಲಿ ಮದುಮಗ ಉಂಗುರದಿಂದ ಹೆಂಡತಿಯ ಹೊಸ ಹೆಸರು ಬರೆಯುತ್ತಾನೆ. ಭಾವ ಮದುವೆ ನೋಂದಣಿಗೆ ಹೋದಾಗ ಆ ಅಕ್ಕಿಯ ಹೆಸರನ್ನೇ ಬರೆಸಿದರು. ಮಗಳು ಹುಟ್ಟಿದಾಗ ಜನನ ಪ್ರಮಾಣಪತ್ರಕ್ಕೂ ಅದನ್ನೇ ಬರೆಸಿದರು. ಅಂದರೆ ಕಾಗದದ ಪ್ರಕಾರ ನಮ್ಮವರು ಯಾರೋ ಒಬ್ಬಳನ್ನು ಮದುವೆಯಾಗಿದ್ದಾರೆ, ಅವಳಿಗೆ ಒಬ್ಬಳು ಮಗಳಿದ್ದಾಳೆ, ನಾನು ಇವರಿಬ್ಬರಿಗೂ ಸಂಬಂಧವಿಲ್ಲದ ಒಬ್ಬ ಕ್ಲಾರ್ಕು. ಪರರ ಮಗಳನ್ನು ವಿದೇಶಕ್ಕೆ ಒಯ್ಯಲು ಅರ್ಜಿ ಹಾಕುತ್ತಿದ್ದೇನೆ.

ಊರ ಮಕ್ಕಳ ಒಂದೊಂದಕ್ಷರ ತಿದ್ದಿದವಳು ಸ್ವಂತ ಮಗಳ ಕಾಗದವನ್ನು ಏಳು ವರ್ಷ ಓದಿರಲಿಲ್ಲ. ಆ ನೆಲದ ಮೇಲೆ ಕೂತು ನಾಚಿಕೆಯಿಂದ ಅತ್ತುಬಿಟ್ಟೆ. ಅತ್ತು ಮುಗಿದ ಮೇಲೆ ಎದ್ದು ಖಾನಾಪುರಕ್ಕೆ ಫೋನ್ ಮಾಡಿದೆ.

ಎರಡೂ ಹೆಸರು ಒಬ್ಬಳದೇ ಎಂದು ಪ್ರಮಾಣ ಮಾಡಿಸಲು, ಹೆಸರಿಟ್ಟವರೇ ನೋಟರಿಯ ಮುಂದೆ ಬರಬೇಕಾಯಿತು. ಅತ್ತೆ ಕೋಲೂರಿಕೊಂಡು ಬೆಳಗಾವಿಗೆ ಬಂದರು. ನೋಟರಿ ವಕೀಲರು ಗಂಭೀರ ಮನುಷ್ಯರು. ಹೆಸರು ಬದಲಾಯಿಸಿದ್ದಕ್ಕೆ ಮೂಲ ದಾಖಲೆ ಏನಿದೆ ಎಂದು ಕೇಳಿದರು. ತಾಟಿನಲ್ಲಿ ಬರೆಸಿದ್ದೇವೆ ಎಂದರು ಅತ್ತೆ. ಆ ತಾಟು ಇದೆಯೇ ಎಂದರು ವಕೀಲರು. ತಾಟು ಮನೆಯಲ್ಲಿದೆ, ಬೇಕಾದರೆ ನಾಳೆ ತರುತ್ತೇನೆ ಎಂದರು ಅತ್ತೆ. ಬರೆದದ್ದು ಇನ್ನೂ ಅದರಲ್ಲಿದೆಯೇ ಎಂದು ವಕೀಲರು ಕೇಳಿದರು.

"ಬರದದ್ದು ಅಕ್ಕ್ಯಾಗರೀ. ಆ ಅಕ್ಕಿದು ಮರುದಿವ್ಸನ ಅನ್ನಾ ಮಾಡಿ ಬೀಗ್ರಿಗೆ ಬಡಿಸಿದ್ವಿ."

ವಕೀಲರು ಪೆನ್ನು ಕೆಳಗಿಟ್ಟು ನನ್ನ ಕಡೆ ನೋಡಿದರು. ಪುರಾವೆ ಸುಟ್ಟವರನ್ನು ನೋಡಿದ್ದೇನೆ, ಹರಿದವರನ್ನು ನೋಡಿದ್ದೇನೆ, ಆದರೆ ಎರಡೂ ಪಾರ್ಟಿಯವರು ಒಂದೇ ಪಂಕ್ತಿಯಲ್ಲಿ ಕೂತು ಪುರಾವೆಗೆ ಸಾರು ಹಾಕಿಸಿಕೊಂಡು ಉಂಡಿದ್ದನ್ನು ಇದೇ ಮೊದಲು ಕೇಳುತ್ತಿದ್ದೇನೆ ಎಂದರು.

ಅರ್ಧ ವೀಸಾ

ಪ್ರಮಾಣಪತ್ರದಲ್ಲಿ ಅತ್ತೆಯ ಫೋನ್ ನಂಬರು ಬರೆಸಿ, ಅದನ್ನು ಫೈಲಿಗೆ ಸೇರಿಸಿದೆ. ಬೆಂಗಳೂರಿಗೆ ಹೋಗಿ ಇಂಗ್ಲಿಷ್ ಪರೀಕ್ಷೆ ಕೊಟ್ಟೆ, ಎದೆಯ ಎಕ್ಸ್‌ರೇ ತೆಗೆಸಿದೆ, ಬೆರಳಚ್ಚು ಒತ್ತಿದೆ. ಸೋದರಮಾವ ಕುತೂಹಲಕ್ಕೆ ಆ ಫೈಲನ್ನು ತನ್ನ ತಕ್ಕಡಿಯಲ್ಲಿಟ್ಟು ನೋಡಿದ. ಎರಡೂವರೆ ಕಿಲೊ ತೂಗಿತು. ಇಷ್ಟು ಕಾಗದಕ್ಕೆ ನಾನಾಗಿದ್ದರೆ ಇಡೀ ಖಾನಾಪುರವನ್ನೇ ಒಳಗೆ ಬಿಡುತ್ತಿದ್ದೆ ಎಂದ.

ಅರ್ಜಿ ಹಾಕಿದ ಮೂರು ತಿಂಗಳಿಗೆ ನನ್ನ ಪಾಸ್‌ಪೋರ್ಟು ವೀಸಾ ಅಂಟಿಸಿಕೊಂಡು ಬಂತು. ಮಗಳದು ಬರಲಿಲ್ಲ. ಇನ್ನಷ್ಟು ಪರಿಶೀಲನೆ ಬೇಕು ಎಂದು ಒಂದು ಸಾಲಿನ ಕಾಗದ ಬಂತು. ನನ್ನ ವೀಸಾಕ್ಕೋ, ಇಂಥ ದಿನದೊಳಗೆ ಬಂದು ಮುಟ್ಟಬೇಕೆಂಬ ಗಡುವು ಇತ್ತು.

ಎಲ್ಲರೂ ಒಂದೇ ರಾಗ ಹಾಡಿದರು. ನೀನು ಹೋಗಿ ಮುಟ್ಟು, ಸಿಕ್ಕಿದ್ದನ್ನು ಬಿಡಬೇಡ, ಮಗಳು ಹಿಂದಿನಿಂದ ಬರುತ್ತಾಳೆ ಎಂದರು. ಮಗಳ ಸ್ಥಿತಿಯಂತೂ ಬೇರೆಯೇ ಇತ್ತು. ನನ್ನ ವೀಸಾ ಬಂದ ದಿನವೇ ಅವಳ ಶಾಲೆಯಲ್ಲಿ ಅವಸರದಿಂದ ಬೀಳ್ಕೊಡುಗೆ ಕೊಟ್ಟುಬಿಟ್ಟಿದ್ದರು. ಮರುದಿನದಿಂದ ದಿನಾ ಶಾಲೆಗೆ ಹೋಗಿ, ಇನ್ನೂ ಹೋಗಿಲ್ಲೇನು ಎಂದು ಕೇಳಿಸಿಕೊಂಡು ಬರುತ್ತಿದ್ದಳು. ಉಡುಗೊರೆ ಕೊಟ್ಟ ಗೆಳತಿಯೊಬ್ಬಳು ತನ್ನ ಕಂಪಾಸು ಪೆಟ್ಟಿಗೆ ವಾಪಸ್ ಕೇಳಿ ಇಸಿದುಕೊಂಡಳು. ಅವತ್ತು ಮನೆಗೆ ಬಂದವಳು ಚಪ್ಪಲಿ ಕೂಡ ಬಿಡದೆ, ನನ್ನ ಬಿಟ್ಟು ಹೋಗುತ್ತೀಯಾ ಎಂದು ಕೇಳಿದಳು. ಇಲ್ಲ ಎಂದೆ. ಅದನ್ನು ಹೇಳಲು ನನಗೆ ಯಾವ ನಿಯಮವನ್ನೂ ಓದಬೇಕಾಗಲಿಲ್ಲ.

ಮನೆಯವರಿಗೂ ಕಾದು ಸಾಕಾಗಿತ್ತು. ಅಲ್ಲಿ ಎರಡು ಕೋಣೆಯ ಮನೆ ಹಿಡಿದು, ಮಗಳಿಗೆಂದು ಸಣ್ಣ ಮಂಚ ಕೂಡ ತಂದಿಟ್ಟಿದ್ದರು. "ನೀ ಮೊದಲ ಬಾ. ಪೋರಿ ಎರಡ ತಿಂಗಳ ವೈನಿ ಕಡೆ ಇರಲಿ" ಎಂದರು.

"ಅಕಿನ್ನ ಬಿಟ್ಟ ಬಂದ್ರ ನಿಮಗ ಸಿಗೂದು ನನ್ನ ಅರ್ಧ ರೀ. ಅರ್ಧಾ ಹೇಣ್ತಿನ್ನ ಕಟಗೊಂಡ ಏನ ಮಾಡತೀರಿ?"

ಅವರು ಹೇಳಿದರು, "ಬರೂ ಅರ್ಧ ಬಾಯಿ ಇರೂ ಅರ್ಧನ ಆಗಿರತೈತಿ. ಬ್ಯಾಡ, ಕಾಯೂಣು."

ಖಾನಾಪುರಕ್ಕೆ ಬಂದ ಫೋನು

ಗಡುವಿಗೆ ಮೂರು ವಾರ ಉಳಿದಿತ್ತು. ಅವತ್ತು ಕಾಲೇಜಿಗೆ ರಜೆ, ನಾನೂ ಮಗಳೂ ಖಾನಾಪುರದಲ್ಲಿದ್ದೆವು. ಅತ್ತೆ ಪಡಸಾಲೆಯಲ್ಲಿ ಮೆಂತ್ಯದ ಸೊಪ್ಪು ಬಿಡಿಸುತ್ತಿದ್ದರು. ಅವರ ಫೋನು ಸದ್ದು ಮಾಡಿತು. ಸ್ಪೀಕರ್ ಹಾಕಿಯೇ ಮಾತಾಡುವುದು ಅವರ ರೂಢಿ. ಒಂದು ಇಂಗ್ಲಿಷ್ ದನಿ, ಅದರ ಜೊತೆಗೆ ಬೆಂಗಳೂರು ಕಡೆಯ ಕನ್ನಡದ ದುಭಾಷಿಯ ದನಿ. ವೀಸಾ ಆಫೀಸಿನಿಂದ, ಪ್ರಮಾಣಪತ್ರದ ಬಗ್ಗೆ ನಾಲ್ಕು ಪ್ರಶ್ನೆ ಕೇಳಬೇಕು ಎಂದರು. ನಾನು ಅತ್ತೆಯ ಪಕ್ಕಕ್ಕೆ ಸರಿದು ಕೂತೆ.

ನೀವೇ ಅವರು ಎಂದು ಖಾತ್ರಿ ಮಾಡಿಕೊಳ್ಳಬೇಕು, ಮೊದಲು ನಿಮ್ಮ ಪತಿಯ ಹೆಸರು ಹೇಳಿ ಎಂದರು ದುಭಾಷಿ.

ಅತ್ತೆ ಸೊಪ್ಪು ಬದಿಗಿಟ್ಟರು. ಮಾವನವರು ತೀರಿಕೊಂಡು ಒಂಬತ್ತು ವರ್ಷವಾಗಿದೆ. ಅವರು ಇದ್ದಾಗಲೂ, ಹೋದ ಮೇಲೂ ಅತ್ತೆ ಅವರ ಹೆಸರನ್ನು ಬರಿಯ ಮಾತಿನಲ್ಲಿ ಹೇಳಿದವರಲ್ಲ. ಪ್ರಾಸದ ಎರಡು ಸಾಲಿನ ಒಡಪು ಕಟ್ಟಿ, ಒಡಪಿನೊಳಗೆ ಹೆಸರು ಸೇರಿಸಿಯೇ ಹೇಳಬೇಕು. ತಲೆಯ ಮೇಲೆ ಸೆರಗು ಎಳೆದುಕೊಂಡು, ಫೋನಿನ ಕಡೆ ಮುಖ ಮಾಡಿ ರಾಗವಾಗಿ ಹೇಳಿದರು:

"ಹೋಳಿಗಿ ಮ್ಯಾಲ ಹಾಕೇನಿ ಕಾಸಿದ ತುಪ್ಪ,
ಹೆಸರ ಕೇಳ್ಯಾರ ಸಾಹೇಬ್ರು, ಅವ್ರು ಮಲ್ಲಪ್ಪ."

ಆಮೇಲೆ ದುಭಾಷಿ, ಅಮ್ಮಾ, ಇನ್ನೊಂದು ಸಲ ಹೇಳ್ತೀರಾ ಎಂದರು. ಇನ್ನೊಂದು ಸಲ ಎಂದರೆ ಇನ್ನೊಂದು ಒಡಪು. ಹೇಳಿದ್ದನ್ನೇ ಹೇಳುವುದು ಮರ್ಯಾದೆಯ ಹೆಣ್ಣುಮಕ್ಕಳ ಲಕ್ಷಣವಲ್ಲ. ಅತ್ತೆ ಕ್ಷಣ ಯೋಚಿಸಿ ಶುರು ಮಾಡಿದರು:

"ಸಂತ್ಯಾಗ ತಂದ ಸೀರಿ ಅಂಚ ಭಾಳ ದಪ್ಪ,
ನನ್ನ ಮ್ಯಾಲ ಸಿಟ್ಟ ಮಾಡದಾವ್ರು ನಮ್ಮ ಮಲ್ಲಪ್ಪ."

ದುಭಾಷಿ ಇಂಗ್ಲಿಷಿನಲ್ಲಿ ಬಹಳ ಹೊತ್ತು ವಿವರಿಸಿದರು. ನಡುನಡುವೆ ತುಪ್ಪ ಎಂದರೆ ಏನು, ಸಂತೆ ಎಂದರೆ ಏನು ಎಂದು ಹೇಳುತ್ತಿದ್ದದ್ದು ಕೇಳಿಸಿತು. ಆ ಸಾಹೇಬರು ಎಲ್ಲವನ್ನೂ ಬರೆದುಕೊಳ್ಳುತ್ತಿದ್ದರೋ ಏನೋ. ಮೂರನೆಯ ಒಡಪಿಗೂ ಅತ್ತೆ ತಯಾರಾಗಿದ್ದರು. ಅವರು ಕೇಳಲಿಲ್ಲ.

ಅದರ ಬದಲು, ನಿಮ್ಮ ಸೊಸೆ ಪಕ್ಕದಲ್ಲಿದ್ದರೆ ಸ್ವಲ್ಪ ಹೊರಗೆ ಹೋಗಲು ಹೇಳಿ ಎಂದರು. ಅತ್ತೆ ನನಗೆ ಕೈಸನ್ನೆ ಮಾಡಿದರು. ನಾನು ಹಿತ್ತಲಿಗೆ ಹೋಗಿ ಬಟ್ಟೆ ಒಗೆಯುವ ಕಲ್ಲಿನ ಬಳಿ ನಿಂತೆ. ಅತ್ತೆಯ ದನಿ ಏರುವುದು ಕೇಳಿಸುತ್ತಿತ್ತು, ಮಾತು ಕೇಳಿಸುತ್ತಿರಲಿಲ್ಲ. ಆ ಕಡೆಯವರು ಏನೋ ಕೇಳಿದರು, ಅತ್ತೆ ಏನೋ ಹೇಳಿದರು, ಆಮೇಲೆ ಎಲ್ಲ ಸುಮ್ಮನಾಯಿತು. ನನ್ನ ಮಗಳು ನನ್ನವಳು ಹೌದೋ ಅಲ್ಲವೋ ಎಂದು ಒಳಗೆ ತೀರ್ಮಾನವಾಗುತ್ತಿತ್ತು, ನಾನು ಹೊರಗೆ ನಿಂತಿದ್ದೆ. ಅಡ್ಮಿಶನ್ ಕೌಂಟರಿನ ಹೊರಗೆ ನಿಲ್ಲುವ ತಾಯಂದಿರು ಯಾಕೆ ಹಾಗೆ ಸೆರಗು ಹಿಂಡುತ್ತಾರೆ ಎಂದು ಅವತ್ತು ನನಗೆ ತಿಳಿಯಿತು.

ಒಳಗೆ ಬಂದು, ಏನು ಕೇಳಿದರು, ಏನು ಹೇಳಿದಿರಿ ಎಂದು ಗೋಗರೆದೆ. ಅತ್ತೆ ಆಗಲೇ ಸೊಪ್ಪು ಬಿಡಿಸುತ್ತಿದ್ದರು. ಸಾಹೇಬರು ನಿನ್ನನ್ನು ಹೊರಗೆ ಕಳಿಸು ಎಂದ ಮೇಲೆ ಅದು ಸರಕಾರಿ ಮಾತು, ಹೇಳುವ ಹಾಗಿಲ್ಲ ಎಂದರು. ಆ ಗುಟ್ಟನ್ನು ನಾವು ಹೊರಡುವ ತನಕ ಬಿಟ್ಟುಕೊಡಲಿಲ್ಲ. ವೈನಿಗೂ ಹೇಳಲಿಲ್ಲ, ಬ್ರಿಟನ್ನಿನಿಂದ ದಿನಾ ಫೋನ್ ಮಾಡುತ್ತಿದ್ದ ಮಗನಿಗೂ ಹೇಳಲಿಲ್ಲ.

ಹನ್ನೊಂದನೆಯ ದಿನ ಮಗಳ ಪಾಸ್‌ಪೋರ್ಟು ವೀಸಾ ಸಮೇತ ಬಂತು. ಗಡುವು ಮುಗಿಯಲು ಇನ್ನೂ ಹತ್ತು ದಿನವಿತ್ತು. ಎರಡೂ ಪಾಸ್‌ಪೋರ್ಟುಗಳನ್ನು ಒಂದರ ಮೇಲೊಂದು ಇಟ್ಟು, ಅವುಗಳ ಮೇಲೆ ಕೈಯಿಟ್ಟು ಕೂತೆ. ಮಗಳು ಶಾಲೆಗೆ ಹೋಗಿ ತಾನಾಗಿಯೇ ಎರಡನೆಯ ಬೀಳ್ಕೊಡುಗೆ ತೆಗೆದುಕೊಂಡು ಬಂದಳು, ಆ ಕಂಪಾಸು ಪೆಟ್ಟಿಗೆಯ ಸಮೇತ.

ಹೊರಡುವ ದಿನ ಅತ್ತೆ ಬೆಳಗಾವಿಯ ತನಕ ಬಂದರು. ಮೊಮ್ಮಗಳ ಗಲ್ಲ ಹಿಡಿದು ಮುದ್ದಾಡಿದರು. ನಾನು ಕಾಲಿಗೆ ಬಿದ್ದು ಎದ್ದು, ಇನ್ನಾದರೂ ಹೇಳಿರಿ, ಅವತ್ತು ಆ ಸಾಹೇಬರು ಏನು ಕೇಳಿದರು ಎಂದೆ. ಅತ್ತೆ ಸುತ್ತಮುತ್ತ ನೋಡಿ, ದನಿ ತಗ್ಗಿಸಿದರು.

"ಪೋರಿ ಹುಟ್ಟಿದ ಕಾಗದದಾಗ ಒಂದ ಹೆಸರು, ಸೊಸಿ ಪಾಸ್‌ಪೋರ್ಟಿನ್ಯಾಗ ಇನ್ನೊಂದ ಹೆಸರು. ಇಬ್ರು ಬ್ಯಾರೆ ಬ್ಯಾರೆ ಹೆಂಗಸ್ರು ಇರಬಹುದಲ್ಲ, ಒಬ್ಬಾಕಿನ ಅಂತ ನಿಮಗ ಹೆಂಗ ಖಾತ್ರಿ ಅಂತ ಕೇಳಿದ."

"ನೀವೇನಂದ್ರಿ ಅತ್ತಿ?"

"ಏನ ಅನ್ನೂದು? ಸಾಹೇಬ್ರ, ಇಂಥಾಕಿ ಇನ್ನೊಬ್ಬಾಕಿ ನಮ್ಮ ಮನ್ಯಾಗ ಇದ್ದಿದ್ರ ಇವತ್ತ ಈ ಫೋನ್ ಎತ್ತಾಕ ನಾ ಜೀವಂತ ಇರತಿದ್ದಿಲ್ಲರೀ ಅಂದೆ."